ಸೆಟ್ಟಿಂಗ್ ಸಹಾಯಕನೂ ನನ್ನ ಹತ್ತೊಂಬತ್ತು ಮಕ್ಕಳೂ

ಕೋಪ ಮಾಡ್ಕೋಬಾರದು ಅಂತ ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಅಂದ್ಕೊತೀನಿ. ಒಂಬತ್ತೂವರೆಗೆ ಶಾಲೆಗೆ ಬಂದು ಕಂಪ್ಯೂಟರ್ ಹಾಕಿದ ಐದು ನಿಮಿಷಕ್ಕೆ ಆ ಮಾತು ಮುರಿದುಬೀಳುತ್ತೆ. ಇವತ್ತು ಇಲ್ಲ ಅಂದ್ರೆ ನಾಳೆ, ಏನಾದರೊಂದು ಆಗೇ ಆಗುತ್ತೆ. ತಪ್ಪು ನಂದಲ್ಲ ಕಣ್ರೀ, ಮೊದಲೇ ಹೇಳ್ಬಿಡ್ತೀನಿ.

ಗಡಿಯಾಚೆ ತಮಿಳು ಸೀಮೆಯ ರಾಯಕೋಟೆಯಿಂದ ಬಸ್ಸಲ್ಲಿ ಅರ್ಧ ಗಂಟೆ ನಮ್ಮ ಹಳ್ಳಿ. ಶಾಲೆ ಒಂದು, ವಿಭಾಗ ಎರಡು, ನಡುವೆ ಒಂದು ಮರದ ಅಡ್ಡಗೋಡೆ. ಆ ಕಡೆ ತಮಿಳು ವಿಭಾಗ, ಅಲ್ಲಿ ತಮಿಳು ಮೇಷ್ಟ್ರು. ಈ ಕಡೆ ಕನ್ನಡ ವಿಭಾಗ, ಇಲ್ಲಿ ನಾನು. ನನ್ನ ಹತ್ರ ಇರೋದು ಹತ್ತೊಂಬತ್ತು ಮಕ್ಕಳು. ಇದಕ್ಕಿಂತ ಕಮ್ಮಿಯಾದ್ರೆ ಕನ್ನಡ ವಿಭಾಗ ಮುಚ್ಚಿ ಎಲ್ಲರನ್ನೂ ಆ ಕಡೆ ಕೂರಿಸ್ತೀವಿ ಅಂತ ಮೇಲಿನವರು ಎರಡು ವರ್ಷದಿಂದ ಹೇಳ್ತಾನೇ ಇದ್ದಾರೆ. ಆ ಹತ್ತೊಂಬತ್ತನ್ನ ಉಳಿಸ್ಕೊಳ್ಳೋದೇ ನನ್ನ ದೊಡ್ಡ ಕೆಲಸ.

ಅಂಥದ್ರಲ್ಲಿ ಈ ಜೂನ್‌ನಲ್ಲಿ ಹೊಸ ಕಂಪ್ಯೂಟರ್ ಬಂತು. ಅದರೊಳಗೇ ಒಬ್ಬ ಎಐ ಸಹಾಯಕ ಕೂತಿದ್ದಾನಂತೆ. ತಂದುಕೊಟ್ಟವನು ಹೇಳಿದ, "ಸೆಟ್ಟಿಂಗ್ ಎಲ್ಲಿದೆ ಅಂತ ಇನ್ಮೇಲೆ ಹುಡುಕೋ ಹಾಗೇ ಇಲ್ಲ ಮೇಡಂ. ಬಾಯಲ್ಲಿ ಹೇಳಿ, ಅದೇ ಮಾಡ್ಕೊಳ್ತದೆ." ಹೇಳಿ ಹೋದವನು ಇವತ್ತಿಗೂ ಕೈಗೆ ಸಿಕ್ಕಿಲ್ಲ.

ಅಕ್ಷರ ದೊಡ್ಡದಾಗಿದ್ದು

ಮೊದಲನೇ ದಿನ ಮರ್ಯಾದೆಯಿಂದಲೇ ಕೇಳಿದೆ. "ಅಕ್ಷರ ಸಣ್ಣಗಿದೆಯಪ್ಪಾ, ಸ್ವಲ್ಪ ದೊಡ್ಡದು ಮಾಡು."

"ಅಕ್ಷರದ ಗಾತ್ರ ಹೆಚ್ಚಿಸಲೇ, ಪರದೆಯ ಅಳತೆ ಹೆಚ್ಚಿಸಲೇ, ವರ್ಧಕವನ್ನು ಬಳಸಲೇ?" ಅಂತು.

ನಾನು ಕೇಳಿದ್ದು ಒಂದು, ಅದು ಕೇಳಿದ್ದು ಮೂರು. "ಎಲ್ಲಾ ಮಾಡು" ಅಂದೆ. ಮಾಡೇಬಿಡ್ತು! ಪರದೆ ತುಂಬಾ ಒಂದೇ ಒಂದು ಅಕ್ಷರದ ಅರ್ಧ. "ಈ ಬದಲಾವಣೆ ಇರಲೇ, ಬೇಡವೇ?" ಅಂತ ಬಾಯಲ್ಲಿ ಕೇಳ್ತು. ಬೇಡ ಅಂದೆ. "ಬೇಡ ಎಂಬ ಗುಂಡಿಯನ್ನು ಒತ್ತಿ" ಅಂತು. ಆ ಗುಂಡಿ ಪರದೆಯಿಂದ ಆಚೆ ಎಲ್ಲೋ ಹೋಗ್ಬಿಟ್ಟಿತ್ತು.

ನಮ್ಮ ಆಯಮ್ಮ, ಅಂದ್ರೆ ಕಸ ಗುಡಿಸೋದರಿಂದ ಹಿಡಿದು ಗಂಟೆ ಹೊಡೆಯೋವರೆಗೂ ಶಾಲೆ ನಡೆಸೋಳು, ಬಾಗಿಲಿಂದಲೇ ನೋಡಿದಳು. "ನಂಗೆ ಓದಕ್ಕೆ ಬರಲ್ಲ ಅಂತ ಇಷ್ಟ್ ದಪ್ಪ ಬರೆದವ್ರಾ ಟೀಚರಮ್ಮ? ಇಷ್ಟ್ ದಪ್ಪ ಬರೆದ್ರೂ ಬರಲ್ಲ ಬುಡಿ."

ಮೂವತ್ತು ವರ್ಷಕ್ಕೆ ಸಿಕ್ಕ ಒಬ್ಬ ವಿಧೇಯ

ಪದ್ಯ ಕೇಳಿಸೋಣ ಅಂತ ಕಂಪ್ಯೂಟರ್ ಹಾಕಿದ್ದೆ. ಮಕ್ಕಳು ಸಂತೆ ಮಾಡ್ತಿದ್ವು. "ಸುಮ್ಕಿರ್ರಲಾ! ಒಂದು ಸದ್ದೂ ಕೇಳಬಾರದು!" ಅಂತ ಕೂಗಿದೆ.

ಕಂಪ್ಯೂಟರ್ ಸುಮ್ಮನಾಯ್ತು. ಮಕ್ಕಳು ಆಗಲಿಲ್ಲ.

"ಧ್ವನಿಯನ್ನು ನಿಲ್ಲಿಸಲಾಗಿದೆ" ಅಂತ ಪರದೆ ಮೇಲೆ ಬರೆದು ಕೈಕಟ್ಟಿ ಕೂತ ಹಾಗೆ ಕೂತಿದೆ. "ನಿಂಗಲ್ಲ ಕಣಯ್ಯಾ ಹೇಳಿದ್ದು! ಸೌಂಡ್ ಜಾಸ್ತಿ ಮಾಡು" ಅಂದೆ. ಮಾಡ್ತು. ಅಷ್ಟರಲ್ಲಿ ಅಡ್ಡಗೋಡೆ ಆಚೆಯಿಂದ ತಮಿಳು ಮೇಷ್ಟ್ರು ತಮ್ಮ ಮಕ್ಕಳಿಗೆ, "ಸತ್ತಂ ಕಮ್ಮಿ ಪಣ್ಣುಂಗಡಾ!" ಅಂತ ಸದ್ದು ಕಮ್ಮಿ ಮಾಡಕ್ಕೆ ಹೇಳಿದ್ರು. ಇದು ಮತ್ತೆ ಕಮ್ಮಿ ಮಾಡ್ತು. ನಾನು ಜಾಸ್ತಿ ಅಂತೀನಿ, ಅವರು ಕಮ್ಮಿ ಅಂತಾರೆ, ಇದು ಇಬ್ಬರ ಮಾತೂ ಕೇಳ್ತದೆ. ಪದ್ಯ ಒಂದು ಸಾಲು ಕಿರುಚೋದು, ಒಂದು ಸಾಲು ಪಿಸುಗುಟ್ಟೋದು. ತೆಲುಗು ಮಾತಾಡೋರು ಯಾರಾದರೂ ಪಕ್ಕದಲ್ಲಿ ಇದ್ದಿದ್ರೆ ಅವರಿಗೂ ಒಂದು ಪಾಲು ಸಿಕ್ತಿತ್ತೇನೋ.

ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಸುಮ್ಕಿರು ಅಂದ ತಕ್ಷಣ ಸುಮ್ಮನಾಗಿದ್ದು ಅದೊಂದೇ. ಅದಕ್ಕೂ ಬೈದೆ, ಬೈದು ಅದರ ಕಿವಿ ಮುಚ್ಚಿಸಿದೆ. ಇನ್ಮೇಲೆ ಏನೇ ಇದ್ರೂ ಟೈಪ್ ಮಾಡಿ ಹೇಳೋದು ಅಂತ ತೀರ್ಮಾನ ಮಾಡಿದೆ.

ಆನೆ ಬಂದ ದಿನ

ಸಾನಮಾವು ಕಾಡಿಂದ ಆನೆ ಹಿಂಡು ಇಳಿದು ನಮ್ಮೂರ ರಸ್ತೇಲಿ ನಿಂತ ದಿನ ಶಾಲೆಗೆ ಬಂದಿದ್ದು ಆರೇ ಮಕ್ಕಳು. ಹಾಜರಿಯನ್ನ ಅವತ್ತವತ್ತೇ ಕಂಪ್ಯೂಟರ್‌ನಲ್ಲಿ ಏರಿಸಬೇಕು. ಆರು ಅಂತ ಹಾಕಿದೆ. ಪಕ್ಕದಲ್ಲಿ ಕಾರಣ ಬರೆಯೋ ಜಾಗ. "ಆನೆ ಬಂದಿದ್ದರಿಂದ" ಅಂತ ಅರ್ಧ ಬರೆದಿದ್ದೆ, ಅಷ್ಟರಲ್ಲಿ ಒಬ್ಬ ಹುಡುಗೀ ತಾಯಿ ಫೋನ್ ಮಾಡಿದಳು. "ಟೀಚರಮ್ಮ, ಆನೆ ನಮ್ ರಾಗಿ ಹೊಲದಾಗೇ ಅವೆ, ಮಗಳ್ನ ಕಳ್ಸಕ್ಕಿಲ್ಲ." ಅವಳಿಗೆ ಧೈರ್ಯ ಹೇಳಿ ತಿರುಗಿ ನೋಡ್ತೀನಿ, ಪರದೆ ಕಪ್ಪು. ತಟ್ಟಿದೆ. ಎದ್ದು ಹೇಳ್ತು: "ನೀವು ಐದು ನಿಮಿಷದಿಂದ ಯಾವ ಕೆಲಸವನ್ನೂ ಮಾಡದ ಕಾರಣ ವಿದ್ಯುತ್ ಉಳಿಸಲು ನಿದ್ರಿಸಿದ್ದೆ."

ಕೆಲಸ ಮಾಡದ ಕಾರಣ! ಯಾರಿಗೆ ಹೇಳ್ತಿದೆ ಅದು? ಇನ್‌ಸ್ಪೆಕ್ಷನ್‌ಗೆ ಬಂದೋರು ಯಾರೂ ಇವತ್ತಿನವರೆಗೂ ನನಗೆ ಆ ಮಾತು ಅಂದಿಲ್ಲ. ಅದೂ, ನಿದ್ದೆ ಮಾಡಿದೋನು ಬಂದು ಹೇಳೋದಾ!

ಸಿಟ್ಟಲ್ಲಿ ಎದ್ದುಬಂದೆ. ಆರು ಅನ್ನೋದು ಮೇಲಕ್ಕೆ ಹೋಗಿತ್ತು, ಆನೆ ಹೋಗಿರಲಿಲ್ಲ. ವಾರಕ್ಕೆ ಕಾಗದ ಬಂತು: ಕನ್ನಡ ವಿಭಾಗದಲ್ಲಿ ಆರೇ ಮಕ್ಕಳಿದ್ದಾರೆ, ಯಾಕೆ ಮುಚ್ಚಬಾರದು? ತಕ್ಷಣ ಬ್ಲಾಕಿನ ಶಿಕ್ಷಣ ಅಧಿಕಾರಿಗಳಿಗೆ ಫೋನ್ ಮಾಡಿ ಆನೆ ಕಥೆ ಹೇಳಿದೆ. ಅಧಿಕಾರಿಗಳು, "ಹಬ್ಬದ ರಜೆ ಮುಗಿದು ಶಾಲೆ ತೆರೆಯೋ ದಿನ ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ಬನ್ನಿ ಮೇಡಂ. ಹತ್ತೊಂಬತ್ತು ಕಣ್ಣಾರೆ ಕಂಡರೆ ವಿಭಾಗ ಇರುತ್ತೆ" ಅಂದ್ರು.

ರಜೆಗೆ ಮುಂಚೆ ಎಂದಿನ ಹಾಗೆ ಶಾಲೇಲಿ ಸರಸ್ವತಿ ಪೂಜೆ ಮಾಡಿದ್ವಿ. ಬೀರು, ಬೋರ್ಡು, ಗಂಟೆ, ಸೌಟು ಎಲ್ಲದಕ್ಕೂ ಗಂಧ ಕುಂಕುಮ ಇಟ್ಟು ಪುರಿ ಕಡ್ಲೆ ಹಂಚಿದ್ವಿ. ಕಂಪ್ಯೂಟರ್‌ಗೆ ಇನ್ನಾದ್ರೂ ಒಳ್ಳೆ ಬುದ್ಧಿ ಬರಲಿ ಅಂತ ನಾನೇ ಸ್ವಲ್ಪ ಜಾಸ್ತಿ ಇಟ್ಟೆ.

ಹನ್ನೊಂದು ಗಂಟೆ

ಹತ್ತೊಂಬತ್ತೂ ಬಂದಿದ್ವು. ತಲೆಗೆ ಎಣ್ಣೆ, ಇಸ್ತ್ರಿ ಬಟ್ಟೆ, ಒಬ್ಬನಿಗೆ ಜ್ವರ ಇದ್ರೂ ಅಜ್ಜಿ ಕಂಬಳಿ ಹೊದಿಸಿ ಕರಕೊಂಡು ಬಂದಿತ್ತು. ಮೂರು ಸಾಲಲ್ಲಿ ನಿಲ್ಲಿಸಿ ವಿಡಿಯೋ ಹಾಕಿದೆ.

ಬರೀ ಕತ್ತಲೆ. ನಮ್ಮ ಚೌಕವೂ ಕತ್ತಲೆ, ಅಧಿಕಾರಿಗಳ ಚೌಕವೂ ಕತ್ತಲೆ.

"ಮೇಡಂ, ಒಣ್ಣುಮೇ ತೆರಿಯಲೆ, ಏನೂ ಕಾಣ್ತಿಲ್ಲ" ಅಂತ ಅವರ ದನಿ ಮಾತ್ರ ಬಂತು.

ಸಹಾಯಕನಿಗೆ ಟೈಪ್ ಮಾಡಿದೆ. ನಿಜ ಹೇಳಬೇಕು, ಅದು ಮೊದಲು ಕೇಳಿದ್ದೇ "ಕ್ಯಾಮೆರಾವನ್ನು ಏನಾದರೂ ಮುಚ್ಚಿದೆಯೇ?" ಅಂತ. "ನಮ್ಮ ಕಂಪ್ಯೂಟರ್‌ಗೆ ಮುಚ್ಚಳವೇ ಇಲ್ಲ, ಬೇರೆ ಹೇಳು" ಅಂದೆ. ಬೇರೆ ಹೇಳಕ್ಕೆ ಶುರು ಮಾಡ್ತು. ಅನುಮತಿ ಕೊಟ್ಟಿದ್ದಾಯ್ತು, ಬೆಳಕು ಏರಿಸಿದ್ದಾಯ್ತು, ಬಣ್ಣ ಬದಲಾಯಿಸಿದ್ದಾಯ್ತು. ಕೊನೆಗೆ, "ಕೋಣೆಯ ದೀಪ ಹಾಕಿ" ಅಂತು. ಹನ್ನೊಂದು ಗಂಟೆ ಬಿಸಿಲಲ್ಲಿ!

"ಸಾರ್, ಮಕ್ಕಳು ಇದ್ದಾರೆ, ಕೇಳಿಸ್ಕೊಳಿ" ಅಂತ ಒಂದರಿಂದ ಹತ್ತೊಂಬತ್ತರವರೆಗೆ ಒಬ್ಬೊಬ್ಬರೂ ಕೂಗಿದ್ವು.

"ಕೂಗು ಯಾರದ್ದು ಬೇಕಾದ್ರೂ ಆಗಬಹುದು ಮೇಡಂ. ತಮಿಳು ವಿಭಾಗದ ಮಕ್ಕಳೂ ಅಲ್ಲೇ ಇದ್ದಾರಲ್ಲ. ಕಾಣದೇ ಇದ್ರೆ ಇಲ್ಲ ಅಂತಲೇ ಬರ್ಕೋಬೇಕಾಗುತ್ತೆ."

ನನಗೆ ಅಳುವೇ ಬಂತು. ಅಳು ನುಂಗಿದ್ರೆ ಸಿಟ್ಟು ಬರುತ್ತಲ್ಲ, ಬಂತು. ಆ ಸಹಾಯಕನಿಗೆ ಬೈಯಕ್ಕೆ ನಿಂತೆ. "ಕತ್ತೆ! ಮುಠ್ಠಾಳ! ದೊಡ್ಡದು ಮಾಡು ಅಂದ್ರೆ ಗುಂಡಿ ಕಳೆದೆ, ಕೆಲಸ ಮಾಡೋಳ್ನ ಸೋಂಬೇರಿ ಅಂದೆ, ಆನೆ ನುಂಗಿಹಾಕ್ದೆ, ಈಗ ನನ್ನ ಮಕ್ಕಳನ್ನೂ ನುಂಗ್ತಿದೀಯಾ! ಕಣ್ಣಿದ್ದೂ ಕುರುಡ ನೀನು!" ಆ ಕಡೆ ಅಧಿಕಾರಿಗಳು ಕೇಳ್ತಿದ್ದಾರೆ ಅನ್ನೋದು ನನಗೆ ಜ್ಞಾಪಕವೇ ಇಲ್ಲ.

ಗದ್ದಲಕ್ಕೆ ಆಯಮ್ಮ ಪೊರಕೆ ಹಿಡ್ಕೊಂಡೇ ಬಂದಳು. ಕಂಪ್ಯೂಟರ್ ನೋಡಿದಳು, ನನ್ನ ನೋಡಿದಳು.

"ಅದರ ಕಣ್ಣು ಎಲ್ಲೈತೆ ಟೀಚರಮ್ಮ?"

"ಮೇಲ್ಗಡೆ, ಮಧ್ಯದಲ್ಲಿ."

"ಹಣೆ ಅಂತ ನೀವು ಬೊಟ್ಟಿಟ್ಟಿದ್ದೂ ಅಲ್ಲೇ ಅಲ್ವ್ರಾ?"

ಶಾಲೇಲಿರೋ ಎಲ್ಲಾ ಸಾಮಾನಿಗೂ ಬೊಟ್ಟಿದೆ, ಅದನ್ನೇನು ನೋಡೋದು ಅಂತ ನಾನು ನೋಡೇ ಇರಲಿಲ್ಲ. ಗಂಧ ಒಣಗಿ ಗಟ್ಟಿಯಾಗಿತ್ತು, ಮೇಲೆ ಕುಂಕುಮ, ಬೆರಳಗಲ. ಆಯಮ್ಮ ಸೆರಗಿನ ತುದಿ ಒದ್ದೆ ಮಾಡಿ, "ತಪ್ಪಾಯ್ತು ತಾಯಿ" ಅಂತ ಕೈಮುಗಿದು ಒರೆಸಿದಳು. ಪರದೇಲಿ ಬೆಳಕಾಯ್ತು. ಹತ್ತೊಂಬತ್ತು ಎಣ್ಣೆ ತಲೆ, ಒಂದು ಕಂಬಳಿ, ಮುಂದೆ ಬೆರಳು ತೋರಿಸಿ ಬಾಯಿ ತೆರೆದು ನಿಂತ ನಾನು.

ಆ ಕಡೆಯವರು ಎಲ್ಲಾ ಕೇಳಿಸ್ಕೊಂಡಿದ್ದು ಆಗ ಜ್ಞಾಪಕ ಬಂತು. ಮುಗೀತು, ನನ್ನ ಬೈಗುಳ ಎಲ್ಲಾ ಬರ್ಕೊತಿದ್ದಾರೆ ಅಂದ್ಕೊಂಡೆ.

"ಒಂದು ನಿಮಿಷ ಮೇಡಂ" ಅಂದ್ರು. ಅವರ ಕಪ್ಪು ಚೌಕದಲ್ಲಿ ಏನೋ ಅಲ್ಲಾಡ್ತು. ದೊಡ್ಡದೊಂದು ಹೆಬ್ಬೆರಳು ಬಂತು, ಉಜ್ಜಿತು, ಹೋಯ್ತು. ಹಿಂದೆ ಅಧಿಕಾರಿಗಳು ಕಂಡ್ರು, ಹೆಬ್ಬೆರಳೆಲ್ಲಾ ಕೆಂಪು.

ಮಕ್ಕಳನ್ನ ಒಂದೊಂದಾಗಿ ಎಣಿಸಿದ್ರು. "ಹತ್ತೊಂಬತ್ತು, ಸರಿಯಾಗಿದೆ. ವಿಭಾಗ ಇರುತ್ತೆ ಮೇಡಂ." ಆಮೇಲೆ ದನಿ ಇಳಿಸಿದ್ರು. "ಆದ್ರೆ ಈಗ ನೀವು ಬೈದ್ರಲ್ಲ, ಅದನ್ನ ಇನ್ನೊಂದ್ಸಲ ನನಗೇ ಬೈದ್ಬಿಡಿ. ಬೆಳಿಗ್ಗೆಯಿಂದ ಏಳು ಶಾಲೆಯವರು 'ಸಾರ್, ನೀವು ಕಾಣ್ತಿಲ್ಲ' ಅಂದ್ರು. ನಿಮ್ಮ ಸೆಟ್ಟಿಂಗ್ ಸರಿ ಇಲ್ಲ ಅಂತ ಏಳು ಶಾಲೆಗೂ ನೋಟೀಸ್ ಕಳಿಸಿಬಿಟ್ಟಿದ್ದೀನಿ!"