ಹದಿಮೂರನೆಯ ಎಲೆ

ರಾಮಾಂಜಿನಪ್ಪ ಒಬ್ಬ ಇಟಲಿಯವನಿಗೆ ಒಂದು ಹಿಡಿ ಹೊಗೆಸೊಪ್ಪು ಕೊಡದೆ ಇದ್ದಿದ್ದರೆ ಪಿಳ್ಳಪ್ಪನ ಪ್ರಾಣಕ್ಕೆ ಸಂಚಕಾರ ಬರುತ್ತಿರಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸಿಪಾಯಿಗಳನ್ನು ಸರ್ಕಾರ ಬೆಂಗಳೂರಿನ ಹೊರಗೆ ತಂತಿಬೇಲಿ ಹಾಕಿ ಇಟ್ಟಿತ್ತು. ಹತ್ತಿರದ ವಿಜಯಪುರದಿಂದ ಅಲ್ಲಿಗೆ ಗಾಡಿಯಲ್ಲಿ ತರಕಾರಿ ಸಾಗಿಸುತ್ತಿದ್ದವನು ರಾಮಾಂಜಿನಪ್ಪ. ಹೊಗೆಸೊಪ್ಪಿಗೆ ಬದಲಾಗಿ ಅವನಿಗೆ ಸಿಕ್ಕಿದ್ದು ಇಪ್ಪತ್ತೆರಡು ಚಿತ್ರದ ಎಲೆಗಳು, ಇಸ್ಪೀಟಿನ ಎಲೆಗಿಂತ ಒಂದು ಬೆರಳು ಉದ್ದದವು. ಕೊಟ್ಟವನು ಅವನ್ನು ಸಾಲಾಗಿ ಜೋಡಿಸಿ, ಮೊದಲನೆಯದಕ್ಕೆ ತೊಟ್ಟಿಲು ತೂಗುವಂತೆ ಕೈ ಆಡಿಸಿ, ಕೊನೆಯದಕ್ಕೆ ಆಕಾಶ ತೋರಿಸಿದ್ದ. ಅಂದರೆ ಇದು ಮನುಷ್ಯನ ಬದುಕು, ಒಂದೊಂದು ಎಲೆ ಒಂದೊಂದು ಮೆಟ್ಟಿಲು. ಸಾಲು ಮರೆಯದಿರಲೆಂದು ರಾಮಾಂಜಿನಪ್ಪ ಎಲೆಗಳ ಹಿಂದೆ ಪೆನ್ಸಿಲಿನಿಂದ ನಂಬರು ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ಅವನು ಜಗಲಿಯ ಮೇಲೆ ಎಲೆಗಳನ್ನು ಹರಡಿಕೊಂಡು ಕೂತ. ಎದುರು ಮನೆಯ ಪಿಳ್ಳಪ್ಪ ಕುಡುಗೋಲು ಹಿಡಿದು ಹೊಲಕ್ಕೆ ಹೊರಟಿದ್ದ. ಪಿಳ್ಳಪ್ಪನಿಗೆ ಇದ್ದದ್ದು ಎರಡೇ: ಹಿತ್ತಲಲ್ಲಿ ರೇಷ್ಮೆ ಬಿಚ್ಚುವ ಒಂದು ರಾಟೆ, ಊರಾಚೆ ಅರ್ಧ ಎಕರೆ ರಾಗಿ. ರೇಷನ್ನಿನ ಕಾಲ. ಆ ರಾಗಿ ಮನೆ ಸೇರಿದರೆ ವರ್ಷವೆಲ್ಲ ಮುದ್ದೆ, ಸೇರದಿದ್ದರೆ ಇಲ್ಲ.

"ಬಾರ್ಲಾ ಪಿಳ್ಳ, ಕಣ್ಮುಚ್ಕೊಂಡು ಒಂದು ಎಲೆ ಎತ್ತು. ಎತ್ತಿದ್ದೇ ನೀನು ಈಗ ನಿಂತಿರೋ ಮೆಟ್ಲು."

"ಕೊಯ್ಲಿಗೆ ಹೊತ್ತಾಯ್ತದೆ ಕಣೋ."

"ಎಲೆ ಎತ್ತೋ ಅಷ್ಟ್ರಲ್ಲಿ ರಾಗಿ ಎದ್ದು ಓಡೋಗ್ತದಾ?"

ಪಿಳ್ಳಪ್ಪ ಎತ್ತಿದ. ಎಲೆಯ ಮೇಲೆ ಒಂದು ಚಕ್ರ. ಒಂದು ಪ್ರಾಣಿ ಅದನ್ನು ಹತ್ತುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು, ಮೂರನೆಯದು ಕಿರೀಟ ಹಾಕಿಕೊಂಡು ತುದಿಯಲ್ಲಿ ಕೂತಿತ್ತು.

"ರಾಟೆ!" ರಾಮಾಂಜಿನಪ್ಪ ತೊಡೆ ತಟ್ಟಿದ. "ಹತ್ತನೇ ನಂಬ್ರು. ನಿನ್ ಕಸುಬೇ ಬಂದೈತೆ."

"ಮೇಲೆ ಕೂತಿರೋದು ಕೋತಿ ಅಲ್ವೇನೋ?"

"ಅದಕ್ಕೇ ಕಣೋ, ನಿನ್ ಹೋಲಿಕೆನೂ ಐತೆ."

ಪಕ್ಕದ ಮನೆಯ ಅಶ್ವತ್ಥಮ್ಮ ಕಸಬರಿಕೆ ಹಿಡಿದುಕೊಂಡೇ ಬಂದಳು. ಆಕೆ ಇದ್ದ ಬೀದಿಯಲ್ಲಿ ತಮಟೆ ಹೊಡೆಯುವವರಿಗೆ ಕೆಲಸವಿರಲಿಲ್ಲ. "ಮುಂದಿನ ಮೆಟ್ಲು ಏನೈತೆ ತೋರ್ಸಪ್ಪಾ" ಎಂದಳು. ಹನ್ನೊಂದರಲ್ಲಿ ಒಬ್ಬ ಹೆಂಗಸು ಸಿಂಹದ ಬಾಯನ್ನು ಎರಡು ಕೈಯಲ್ಲಿ ಅಗಲಿಸುತ್ತಿದ್ದಳು. ಅಷ್ಟರಲ್ಲಿ ಪಿಳ್ಳಪ್ಪನ ಹಿತ್ತಲಿನಿಂದ ಕೂಗಾಟ ಕೇಳಿತು. ಎಲ್ಲರೂ ಓಡಿದರು. ಪಿಳ್ಳಪ್ಪನ ಹೆಂಡತಿ ಅಂಜಿನಮ್ಮ ಬೀದಿನಾಯಿಯ ಮೇಲೆ ಕಾಲು ಹಾಕಿ ಕೂತು, ಅದರ ದವಡೆ ಅಗಲಿಸಿ, ಅದು ಕಚ್ಚಿಕೊಂಡಿದ್ದ ರೇಷ್ಮೆ ಲಡಿಯನ್ನು ಎಳೆಯುತ್ತಿದ್ದಳು.

"ಹನ್ನೊಂದು ಆಯ್ತು!" ಎಂದಳು ಅಶ್ವತ್ಥಮ್ಮ. ಬೀದಿಗೆಲ್ಲ ಕೇಳಿತು.

ಎಲ್ಲರೂ ಜಗಲಿಗೆ ಮರಳಿದರು. ಹನ್ನೆರಡರಲ್ಲಿ ಒಬ್ಬನು ಒಂದೇ ಕಾಲಿನಿಂದ ತಲೆಕೆಳಗಾಗಿ ನೇತಾಡುತ್ತಿದ್ದ. ಹದಿಮೂರನ್ನು ನೋಡಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಬರಿಯ ಮೂಳೆಯ ಮನುಷ್ಯ, ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು, ಕಾಲ ಬಳಿ ಕತ್ತರಿಸಿ ಬಿದ್ದ ತಲೆಗಳು, ಕೈಗಳು.

"ರಾಗಿ ಕೊಯ್ಲು ಇರ್ಬೋದು" ಎಂದ ರಾಮಾಂಜಿನಪ್ಪ ಮೆಲ್ಲಗೆ.

"ಯಾವ ರಾಗಿಗಪ್ಪಾ ಕೈ ತಲೆ ಇರ್ತವೆ?" ಎಂದಳು ಅಶ್ವತ್ಥಮ್ಮ.

ಪಿಳ್ಳಪ್ಪ ಕುಡುಗೋಲನ್ನು ಹಾವಿನಂತೆ ಬಿಸಾಡಿದ. "ನಾನು ಸಾಯಲ್ಲ" ಎಂದ. ಹಟ ಹಿಡಿದರೆ ಅವನು ರಾಟೆಗೆ ಕಟ್ಟಿದ ಎಳೆ, ತುಂಡಾಗುವವರೆಗೆ ಸಡಿಲವಾಗುವವನಲ್ಲ. "ಕುಡುಗೋಲು ಇರೋ ಕಡೆ ಇವತ್ತು ನಾನಿರಲ್ಲ. ಬೂದಿಗೆರೆಗೆ, ನಮ್ಮಕ್ಕನ ಮನೆಗೆ ಹೋಗ್ತೀನಿ."

"ನಿಮ್ಮಕ್ಕ ಏನು ಕತ್ತರೀಲಿ ರಾಗಿ ಕೊಯ್ತಾಳಾ?" ಎಂದಳು ಅಂಜಿನಮ್ಮ. "ತೆನೆ ಉದುರೋ ಹಂಗಾಗೈತೆ, ಹೊಲಕ್ಕೆ ನಡೀರಿ ಅಂದ್ರೆ."

ಅವನು ಕೇಳಲಿಲ್ಲ. ಎತ್ತು ಕಟ್ಟುವ ಮೊದಲೇ ರಾಮಾಂಜಿನಪ್ಪನ ಗಾಡಿಯ ಮುಂದೆ ಚಾಚಿದ ಮೂಕಿಮರದ ತುದಿಗೆ ಹೋಗಿ ನೊಗ ಹಿಡಿದು ಕೂತ. ಸಾಯಲಿರುವವನನ್ನು ಒಂಟಿಯಾಗಿ ಕಳಿಸಬಾರದೆಂದು ಅಶ್ವತ್ಥಮ್ಮ ಗಾಡಿಯ ಹಿಂಬದಿಗೆ ಹತ್ತಿದಳು. ಆಕೆಯ ಹಿಂದೆ ಇನ್ನೂ ಐದು ಜನ ಹತ್ತಿದರು. ಗಾಡಿ ಹಿಂದಕ್ಕೆ ವಾಲಿ, ಮೂಕಿ ಏತದ ಮರದಂತೆ ಮೇಲೆದ್ದಿತು. ನೊಗದ ಹಗ್ಗಕ್ಕೆ ಸಿಕ್ಕಿಕೊಂಡ ಒಂದು ಪಾದದ ಆಧಾರದಲ್ಲಿ ಪಿಳ್ಳಪ್ಪ ತಲೆಕೆಳಗಾಗಿ ನೇತಾಡಿದ.

ರಾಮಾಂಜಿನಪ್ಪ ಓಡಿದ. ಬಿಡಿಸುವುದಕ್ಕಲ್ಲ, ಎಲೆ ತರುವುದಕ್ಕೆ. ಎಲೆಯನ್ನು ಒಮ್ಮೆ, ಪಿಳ್ಳಪ್ಪನನ್ನು ಒಮ್ಮೆ ನೋಡಿ, "ಇನ್ನೊಂದು ಕಾಲು ಮಡಚ್ಲಾ, ಇದ್ರಲ್ಲಿ ಮಡಚವ್ನೆ" ಎಂದ.

"ಇಳಿಸ್ರೋ, ನಿಮ್ಮನೆ ಹಾಳಾಗ!"

ಇಳಿಸಿದ ಮೇಲೆ ಅವನು ಯಾರ ಮುಖವನ್ನೂ ನೋಡದೆ ಮನೆಯೊಳಗೆ ನುಗ್ಗಿ, ಅಂಜಿನಮ್ಮನನ್ನೂ ಒಳಕ್ಕೆಳೆದು ಅಗುಳಿ ಹಾಕಿದ. ಹೊತ್ತು ಮುಳುಗುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದು ಒಳಗಿನಿಂದಲೇ ಸಾರಿದ. ಬೀದಿಯವರೂ ಸುಮ್ಮನಿರಲಿಲ್ಲ. ಯಾರ ಕೈಯಲ್ಲೂ ಕುಡುಗೋಲು ಇರಕೂಡದೆಂದು ತೀರ್ಮಾನಿಸಿ, ಮನೆಮನೆಯಿಂದ ಕುಡುಗೋಲು ಕಲೆಹಾಕಿ, ಎಲ್ಲರ ಕಣ್ಣೆದುರಿಗಿರಲಿ ಎಂದು ಪಿಳ್ಳಪ್ಪನ ಜಗಲಿಯ ಮೇಲೆಯೇ ಗುಡ್ಡೆ ಹಾಕಿದರು.

ಪಿಳ್ಳಪ್ಪ ಕಿಟಕಿಯಲ್ಲಿ ಇಣುಕಿ ನೋಡಿದ. "ನನ್ ಬಾಗ್ಲಲ್ಲೇ ಯಾಕ್ರೋ?"

"ನಿನ್ನ ಸಲುವಾಗೇ ಅಲ್ವೇನಪ್ಪಾ!"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪಕ್ಕದ ಹಳ್ಳಿಯಲ್ಲಿದ್ದ ಅವನ ಅಣ್ಣ ದೊಡ್ಡಮುನಿಯಪ್ಪನಿಗೆ ಮುಟ್ಟಿತು. ಆಸ್ತಿ ಭಾಗವಾದ ಮೇಲೆ ಮೂರು ವರ್ಷ ಮಾತು ಬಿಟ್ಟಿದ್ದವನು ಈಗ ಓಡೋಡಿ ಬಂದ. ಪಕ್ಕೆಲುಬು ಎಣಿಸಬಹುದಾದಂಥ ಮೈ, ಕಣ್ಣಲ್ಲಿ ನೀರು.

"ತಮ್ಮಾ, ಬಾಗ್ಲು ಹಾಕ್ಕೊಂಡ್ರೆ ಆ ಮೂಳೆಯವನು ಬಿಡ್ತಾನಾ? ಕೊಯ್ಯಕ್ಕೆ ಅಂತ ಬಂದೋನು ಬರಿಗೈಲಿ ಹೋಗಲ್ಲ ಕಣೋ. ಕೊಯ್ಯಕ್ಕೆ ಏನಾರ ಬಿಟ್ಕೊಡ್ಬೇಕು."

"ಏನು ಬಿಟ್ಕೊಡ್ಲಿ ಅಣ್ಣಯ್ಯ?"

"ನಾನೇನು ಹೇಳ್ಲಪ್ಪಾ. ಕೊಯ್ಯೋ ಅಂಥದ್ದು ನಿನ್ನತ್ರ ಏನೈತೋ ನೋಡ್ಕೊ."

ಪಿಳ್ಳಪ್ಪ ಯೋಚಿಸಿದ. ಅಂಜಿನಮ್ಮ ಅವನ ತೋಳನ್ನು ಬಲವಾಗಿ ಚಿವುಟಿದಳು. "ರಾಗಿ ಮಾತ್ರ ಎತ್ತಬೇಡಿ, ನಿಮ್ಮ ದಮ್ಮಯ್ಯ" ಎಂದಳು.

"ಮುದ್ದೆ ತಿನ್ನಕ್ಕೆ ಪ್ರಾಣ ಇರ್ಬೇಕಲ್ಲೇ?" ಎಂದು ಅವನು ಕಿಟಕಿಗೆ ಬಾಯಿಟ್ಟು ಕೂಗಿದ: "ನನ್ನ ಹೊಲದ ರಾಗಿ ಕೊಯ್ಕೊಂಡು ಹೋಗ್ಲಿ! ಯಾಕೆ ಅಂತ ಕೇಳಲ್ಲ!"

"ಇನ್ನೊಂದು ಕಿತ ಹೇಳು ತಮ್ಮಾ, ನಾಲ್ಕು ಜನ ಕೇಳ್ಲಿ."

ಪಿಳ್ಳಪ್ಪ ಇನ್ನೂ ಜೋರಾಗಿ ಹೇಳಿದ. ಅಣ್ಣ ಕಣ್ಣೊರೆಸಿಕೊಂಡು, ಜಗಲಿಯ ಮೇಲಿನ ಗುಡ್ಡೆ ನೋಡಿ, "ಇವೂ ಇಲ್ಲಿರೋದು ಬ್ಯಾಡ. ದೂರ ಸಾಗಿಸ್ತೀನಿ" ಎಂದು ಕುಡುಗೋಲುಗಳನ್ನೆಲ್ಲ ಗಾಡಿಗೆ ತುಂಬಿಸಿದ. ಅಶ್ವತ್ಥಮ್ಮನೊಡನೆ ಏನೋ ಪಿಸುಗುಟ್ಟಿದ. ಕುಡುಗೋಲಿನ ಹಿಂದೆ ಅದರ ಒಡೆಯರೂ ಹೋದರು. ಬೀದಿ ಖಾಲಿಯಾಯಿತು. ಒಳಗೆ ಪಿಳ್ಳಪ್ಪ ಆ ಮೌನವನ್ನು ಕೇಳಿ, ಮೂಳೆಯವನು ಬಂದೇ ಬಿಟ್ಟನೆಂದು ರಾಟೆಯ ಕಂಬ ತಬ್ಬಿಕೊಂಡು ಕೂತ.

ಹೊತ್ತು ಮುಳುಗಿತು. ಪಿಳ್ಳಪ್ಪ ತನ್ನ ಮೈ ಮುಟ್ಟಿ ನೋಡಿಕೊಂಡ. ಇದ್ದ. ಬಾಗಿಲು ತೆಗೆದು ಬೀದಿಗೆ ಜಿಗಿದು, "ಗೆದ್ದೆ ಕಣ್ರೋ!" ಎಂದು ಕೂಗಿದ.

ಎದುರಿನಿಂದ ಮೂರು ಗಾಡಿ ರಾಗಿ ಹೊರೆ ಬರುತ್ತಿತ್ತು. ಮುಂದಿನ ಗಾಡಿಯ ಮೇಲೆ, ಬರಿಮೈಯಲ್ಲಿ, ಕುಡುಗೋಲು ಹೆಗಲಿಗಿಟ್ಟು ಕೂತಿದ್ದವನು ದೊಡ್ಡಮುನಿಯಪ್ಪ. ಹಿಂದೆ ಇಡೀ ಬೀದಿ, ತಲೆಯಲ್ಲಿ ಹುಲ್ಲು, ಬಾಯಲ್ಲಿ ಎಲೆ ಅಡಿಕೆ.

"ಅದು... ನನ್ ರಾಗಿ!"

"ನಿಂದೇ ಆಗಿತ್ತು. ಕೊಯ್ಯೋನು ಬಂದ, ಕೊಯ್ದ, ಹೊಂಟ. ನೀನು ಉಳ್ಕೊಂಡೆ" ಎಂದ ಅಣ್ಣ. "ನಾಲ್ಕು ಜನ ಕೇಳ್ಲಿ ಅಂದೆ, ನಲವತ್ತು ಜನ ಕೇಳವ್ರೆ."

"ಮೂರು ಊರಿಗೆ ಕೇಳ್ತು" ಎಂದಳು ಅಶ್ವತ್ಥಮ್ಮ, ಸಾಕ್ಷಿ ಹೇಳುವ ಗತ್ತಿನಲ್ಲಿ. ರಾಮಾಂಜಿನಪ್ಪ ಎಲೆಯನ್ನೂ ದೊಡ್ಡಮುನಿಯಪ್ಪನ ಪಕ್ಕೆಲುಬನ್ನೂ ಹೋಲಿಸಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದ.

ಪಿಳ್ಳಪ್ಪ ಮನೆಗೆ ಬಂದ. ಅಂಜಿನಮ್ಮ ಮಡಕೆಯ ತಳದಲ್ಲಿ ಉಳಿದಿದ್ದ ಅಂಬಲಿಗೆ ನೀರು ಬೆರೆಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹುಯ್ಯುತ್ತಿದ್ದಳು. ಹಿಂದೆಯೇ ಬಂದ ರಾಮಾಂಜಿನಪ್ಪ ಬಾಗಿಲಲ್ಲಿ ನಿಂತು ಮುಂದಿನ ಎಲೆ ತಿರುವಿದ. ಅದರಲ್ಲಿಯೂ ಒಬ್ಬ ಹೆಂಗಸು ಪಾತ್ರೆಯಿಂದ ಪಾತ್ರೆಗೆ ನೀರು ಹುಯ್ಯುತ್ತಿದ್ದಳು.

"ಹದಿನಾಲ್ಕೂ ಆಯ್ತು ಕಣ್ಲಾ. ಇನ್ನು ಎಂಟೇ."

ಬೀದಿಯಿಂದ ಅಣ್ಣನ ದನಿ ಕೇಳಿತು. "ತಮ್ಮಾ, ಹೊರೆ ಜಾಸ್ತಿ ಐತೆ, ನನ್ ಕಣದಲ್ಲಿ ಬಡಿಯಕ್ಕೆ ಆಳಿಲ್ಲ. ನಾಳೆ ಗಂಡ ಹೆಂಡ್ತಿ ಇಬ್ರೂ ಬಂದ್ಬಿಡಿ. ಮಧ್ಯಾಹ್ನಕ್ಕೆ ಮುದ್ದೆ ಹಾಕ್ತೀನಿ."

ಪಿಳ್ಳಪ್ಪ ಅಂಬಲಿ ನೋಡಿದ. ನೀರಿನಲ್ಲಿ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. "ಬರ್ತೀವಿ ಅಣ್ಣಯ್ಯ" ಎಂದ. ಆಮೇಲೆ ರಾಮಾಂಜಿನಪ್ಪನ ಕಡೆ ತಿರುಗಿ, "ಹದಿನೈದು ಮಾತ್ರ ತೋರಿಸ್ಬೇಡ, ಕಾಲು ಮುರೀತೀನಿ" ಎಂದ.

ರಾಮಾಂಜಿನಪ್ಪ ಆಗಲೇ ನೋಡಿಬಿಟ್ಟಿದ್ದ. ಎತ್ತರದ ಪೀಠದ ಮೇಲೆ ಕೊಂಬಿನ ರಾಕ್ಷಸ. ಕೆಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ಕೊರಳಿಗೂ ಹಗ್ಗ. ಅವನು ಎಲೆಯನ್ನು ಜೇಬಿಗೆ ಹಾಕಿಕೊಂಡು, ಹುಟ್ಟಿದಾರಭ್ಯ ಮೊದಲ ಸಲ ಏನೂ ಹೇಳದೆ ಹೊರಟುಹೋದ.