ಹಲಸಿನಹಣ್ಣಿನ ಹಾಜರಿ

ನಾಲ್ಕು ಮಂದಿ ಅಕ್ಕೋರು ಒಂದ ಕಾರಿನ್ಯಾಗ ಕುಂತ್ರ ಏನರೆ ಒಂದು ಆಗದ ಇರೂದಿಲ್ಲ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅಂತಾರ್ರಿ. ಸಾಲಿಯೊಳಗ ದಿನಾ ಒಂದಿಲ್ಲೊಂದು ಆಗತೈತಿ ಅಂತ ಬ್ಯಾಸರಾಗಿ ಸೂಟಿಗೆ ಹೋದ್ರ, ಅದು ನಮ್ಮ ಬೆನ್ನ ಹತ್ತಿ ಅಲ್ಲಿಗೂ ಬರತೈತಿ.

ಈ ಬ್ಯಾಸಗಿ ಸೂಟಿಯೊಳಗ ಹಿಂದಿ ಅಕ್ಕೋರ ತಂಗಿ ಮನಿಗೆ ಅಂಕೋಲಾಕ್ಕ ಹೋಗಿದ್ವಿ. ಹನ್ನೆರಡು ದಿನ ಸಮುದ್ರ ನೋಡಿದ್ವಿ, ಉಂಡ್ವಿ, ಮಲಗಿದ್ವಿ, ಎದ್ದು ಮತ್ತ ಉಂಡ್ವಿ. ಕಾರು ನಂದು, ಹೊಸಾದು. ನಾ ಸಾಲಿಯೊಳಗ ಗಣಿತ ಕಲಿಸ್ತೀನಿ. ಕಾರು ಹೊಡಿಯೂದು ಕಲಿತು ಮೂರ ತಿಂಗಳಾಗಿತ್ತು. ಹಂಗಾಗಿ ಹೋಗೂ ಮುಂದ ನಮ್ಮ ಮನಿಯವರು ಕಾರು ಹೊಡಕೊಂಡು ಬಂದು, ನಮ್ಮನ್ನ ಇಳಿಸಿ, ಹೊಲದ ಕೆಲಸ ಐತಿ ಅಂತ ಬಸ್ಸಿಗೆ ವಾಪಸ್ ಹೊಂಟ್ರು.

"ಬರೂ ದಿವಸ ಫೋನ್ ಮಾಡು, ಬಂದು ಕರಕೊಂಡು ಹೋಗ್ತೀನಿ" ಅಂದ್ರು.

"ಬ್ಯಾಡ್ರಿ, ನಾನ ಹೊಡಕೊಂಡು ಬರ್ತೀನಿ" ಅಂದೆ.

ನಕ್ಕರು. ಅವರು ನಗೂದು ನೋಡಿ ನನಗ ಸಿಟ್ಟ ಬಂತು. ಅದು ಅವರಿಗೂ ತಿಳೀತು. "ಆತು. ದಾರಿಯೊಳಗ 'ರೀ, ಹಿಂಗಾಗೇತಿ, ಬರ್ರಿ' ಅಂತ ನಿನ್ನದೊಂದು ಫೋನ್ ಬಂತಂದ್ರ, ಕೀಲಿಕೈ ಖಾಯಂ ನನ್ನ ಕೈಯಾಗ."

"ಬರಲಿಲ್ಲಂದ್ರ?"

"ಖಾಯಂ ನಿನ್ನ ಕೈಯಾಗ. ದಿನಾ ಸಾಲಿಗೆ ಕಾರ್ ತಗೊಂಡು ಹೋಗು, ನಾ ಕೇಳಿದ್ರ ಕೇಳು."

ಇದು ಸಣ್ಣ ಮಾತಲ್ರಿ. ನಮ್ಮೂರು ಯಮನೂರಿನ ಬಾಜು, ಸಾಲಿ ಅಣ್ಣಿಗೇರಿ ಆಚೆ. ಎರಡು ಬಸ್ ಬದಲಿ ಮಾಡಿ, ಎರಡರಾಗೂ ನಿಂತ ಹೋಗಬೇಕು. ಹನ್ನೊಂದು ವರ್ಷ ನಿಂತು ನಿಂತು ನನಗ ಸಾಕಾಗಿ ಹೋಗಿತ್ತು. ಆ ಕೀಲಿಕೈ ನನಗ ಬೇಕಾಗಿತ್ತು.

ಬಸ್ ಹತ್ತೂ ಮುಂದ ಇನ್ನೊಂದ ಸಲ ಪಾಠ ಹೇಳಿದ್ರು: "ಗಾಡಿ ಹೊಡಿಯೂ ಮುಂದ ಯಾರ ಫೋನ್ ಬಂದ್ರೂ ಎತ್ತಬಾರದು. ಖುದ್ದ ನಾ ಮಾಡಿದ್ರೂ ಎತ್ತಬಾರದು." ಈ ಮಾತು ನೆಪ್ಪಿಟ್ಟಗೋರಿ.

ಟಿಂಗ್ ಟಿಂಗ್

ಮುಂಜಾನೆ ಏಳಕ್ಕ ಅಂಕೋಲಾ ಬಿಟ್ವಿ. ಮುಂದ ನನ್ನ ಬಾಜು ಹಿಂದಿ ಅಕ್ಕೋರು; ಘಟ್ಟದಾಗ ಅವರಿಗೆ ಹೊಟ್ಟಿ ತೊಳಸತೈತಿ. ಹಿಂದ ಒಂದು ಬಾಜು ದೊಡ್ಡಕ್ಕೋರು, ಅಂದ್ರ ನಮ್ಮ ಹೆಡ್‌ಮಿಸ್. ಇನ್ನೊಂದು ಬಾಜು ಪಿ.ಟಿ. ಅಕ್ಕೋರು. ಅವರು ಸೂಟಿಯೊಳಗೂ ಕೊರಳಾಗಿನ ಸೀಟಿ ತಗದವರಲ್ಲ. ಅವರಿಬ್ಬರ ನಡುವ ತಂಗಿ ಕೊಟ್ಟ ಹಲಸಿನಹಣ್ಣು. ಎರಡನೇ ಇಯತ್ತೆ ಹುಡುಗನಷ್ಟು ದೊಡ್ಡದಿತ್ತು. ಡಿಕ್ಕಿ ತುಂಬ ಮಾವಿನಹಣ್ಣು, ಉಪ್ಪಿನಕಾಯಿ ಭರಣಿ ಇದ್ದದ್ದಕ್ಕ ಅದಕ್ಕ ಸೀಟು ಸಿಕ್ಕಿತ್ತು.

ಐದು ನಿಮಿಷ ಆಗಿರಲಿಲ್ಲ, ಕಾರು ಟಿಂಗ್ ಟಿಂಗ್ ಅನ್ನಾಕ ಚಾಲೂ ಮಾಡ್ತು. ಬಾಜುಕ್ಕ ನಿಲ್ಲಿಸಿ ಬಾನೆಟ್ ಎತ್ತಿದೆ. ನಾಲ್ಕೂ ಮಂದಿ ಬಗ್ಗಿ ನೋಡಿದ್ವಿ. ಎಲ್ಲಾ ಇದ್ದಲ್ಲೆ ಇದ್ದಂಗ ಕಂಡ್ತು. ಮೊದಲ ಹೆಂಗಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ.

"ಫೋನ್ ಮಾಡೂಣೇನು?" ಅಂದ್ರು ಹಿಂದಿ ಅಕ್ಕೋರು.

"ಬಾಯಾಗಿಂದ ಆ ಮಾತು ತಗದ್ರ ಇಲ್ಲೇ ಇಳಿಸಿ ಹೋಗ್ತೀನಿ" ಅಂದೆ.

ಮತ್ತ ಹತ್ತಿದ್ವಿ, ಮತ್ತ ಟಿಂಗ್ ಟಿಂಗ್. ಪಿ.ಟಿ. ಅಕ್ಕೋರು ನೀರಿನ ಬಾಟ್ಲಿ ಹುಡುಕಾಕಂತ ಹಲಸಿನಹಣ್ಣು ಎತ್ತಿ ತೊಡಿ ಮ್ಯಾಲೆ ಇಟ್ಕೊಂಡ್ರು, ಬಂದಾತು. ಸೀಟಿಗಿಟ್ರು, ಟಿಂಗ್ ಟಿಂಗ್. ಎತ್ತಿದ್ರು, ಬಂದ್. ಆವಾಗ ತಲಿಗೆ ಹೊಳೀತು ನೋಡ್ರಿ: ಅಷ್ಟು ವಜ್ಜಾ ಸೀಟಿನ ಮ್ಯಾಲೆ ಕುಂತದ್ದಕ್ಕ, ಯಾರೋ ಬೆಲ್ಟ್ ಹಾಕ್ಕೊಳ್ಳದ ಕುಂತಾರ ಅಂತ ಕಾರು ತಿಳಕೊಂಡಿತ್ತು.

ಹಣ್ಣಿಗೆ ಬೆಲ್ಟ್ ಹಾಕಿದ್ವಿ. ಕಾರು ಗಪ್ಪಾತು.

ದೊಡ್ಡಕ್ಕೋರಿಗೆ ಒಂದು ರೂಢಿ ಐತಿ. ಎಲ್ಲಿ ಹತ್ತಿದ್ರೂ, ಎಲ್ಲಿ ಇಳದ್ರೂ ಹಾಜರಿ ತಗೋಬೇಕು. ಮೂವತ್ತು ವರ್ಷದ ರೂಢಿ, ಬಿಡಂದ್ರ ಬಿಡತೈತೇನು? "ಹಿಂದಿ?" "ಹಾಜರ್ರಿ." "ಗಣಿತ?" "ಹಾಜರ್ರಿ." "ಪಿ.ಟಿ.?" "ಹಾಜರ್ರಿ." ಆಮ್ಯಾಲೆ ಬೆಲ್ಟ್ ಹಾಕ್ಕೊಂಡು ಕುಂತ ಹಣ್ಣು ನೋಡಿದ್ರು, ಬಿಟ್ರ ತಪ್ಪಾಗತೈತಿ ಅನಿಸಿರಬೇಕು. "ಹಲಸಿನಹಣ್ಣು?"

"ಹಾಜರ್ರಿ" ಅಂದ್ರು ಪಿ.ಟಿ. ಅಕ್ಕೋರು, ದನಿ ಸಣ್ಣದು ಮಾಡಿ.

ಮುಂದ ಹೋಗಲಾರದ ಲಾರಿ

ಅರಬೈಲ್ ಘಟ್ಟದಾಗ ನಾ ಎರಡನೇ ಗೇರ್ ಬಿಟ್ಟು ಮ್ಯಾಲೆ ಹೋಗಲಿಲ್ಲ. ಹಿಂದ ಒಂದು ಲಾರಿ ಹಾರ್ನ್ ಹೊಡದು ಹೊಡದು ಸಾಕಾಗಿ, ದಾರಿ ಸ್ವಲ್ಪ ಅಗಲಾದಲ್ಲೆ ಬಾಜುಕ್ಕ ಬಂತು. ಡ್ರೈವರ್ ಬೈಯಾಕಂತ ತಲಿ ಹೊರಗ ಹಾಕಿದಾವ, ನನ್ನ ಮಾರಿ ನೋಡಿ ಬಾಯಿ ಮುಚ್ಚಿದ.

"ಅಯ್ಯ, ಗಣಿತದ ಅಕ್ಕೋರು! ನಮಸ್ಕಾರ್ರೀ!"

ನಮ್ಮ ಸಾಲಿಯಾಗ ಕಲಿತಾವ. ಕಡೀ ಬೆಂಚು. ಹತ್ತನೇತ್ತಾ ಗಣಿತಕ್ಕ ಮೂರು ಸಲ ಕುಂತಿದ್ದ. ಈಗ ಗಡ್ಡ ಬಂದಿತ್ತು, ಆದ್ರ ಕಣ್ಣು ಅವ ಇದ್ದುವು.

"ಮುಂದ ಹೋಗೋ ತಮ್ಮಾ" ಅಂತ ಕೈ ಮಾಡಿದೆ.

"ಛೇ ಛೇ, ಅಕ್ಕೋರನ್ನ ಹಿಂದ ಹಾಕಿ ಹೋಗೂದಾ? ಬರೋಬರಿ ಅಲ್ರೀ ಅದು" ಅಂದಾವನ ಲಾರಿ ಮತ್ತ ನಮ್ಮ ಹಿಂದ ತಗೊಂಡ.

ತಾ ಹೋಗಲಿಲ್ಲ, ಹಿಂದಿನವರನ್ನೂ ಬಿಡಲಿಲ್ಲ. ಹಾರ್ನ್ ಹೊಡದವರಿಗೆಲ್ಲಾ ಕೈ ಹೊರಗ ಹಾಕಿ "ಅಕ್ಕೋರು ಅದಾರ, ಸಾವಕಾಶ!" ಅಂತ ಒದರಾಕತ್ತಿದ. ಯಲ್ಲಾಪುರ ಮುಟ್ಟೂದ್ರಾಗ ನಮ್ಮ ಹಿಂದ ಮದವಿ ಮೆರವಣಿಗಿಯಷ್ಟು ಗಾಡಿ ಕೂಡಿದ್ವು. ನಾಚಿಕ್ಯಾಗಿ ಬಾಜುಕ್ಕ ನಿಲ್ಲಿಸಿ, "ನಿನಗ ತಡಾ ಮಾಡಿದ್ನೆಲ್ಲಪಾ" ಅಂದೆ.

ಅವ ಇಳದು ಬಂದು ಕೈ ಮುಗದ. "ತಡಾ ಏನಿಲ್ರಿ ಅಕ್ಕೋರ. ಗಣಿತಾನೂ ಇಷ್ಟ ಸಾವಕಾಶ ಕಲಿಸಿದ್ರ ನಾ ಮೊದಲನೇ ಸಲನ ಪಾಸ್ ಆಗ್ತಿದ್ನಿರಿ."

ಕಲಘಟಗಿಯ ಎರಡನೇ ಚಹಾ

ಕಲಘಟಗಿಯೊಳಗ ಚಹಾಕ್ಕ ನಿಂತ್ವಿ. ಚಹಾ ಕುಡದು, ಕಾರ್ ಹತ್ತೂ ಮೊದಲ ಹೋಟೆಲ್ ಬಾಗಲದಾಗ ನಿಂತು ದೊಡ್ಡಕ್ಕೋರು ಹಾಜರಿ ತಗೊಂಡ್ರು. ಹಿಂದಿ, ಗಣಿತ, ಪಿ.ಟಿ., ಹಲಸಿನಹಣ್ಣು, ಎಲ್ಲಾ ಹಾಜರ್. ಬಿಸಲು ಬಡೀತೈತಿ ಅಂತ ಕಾರಿನ್ಯಾಗ ಬಗ್ಗಿ ತಮ್ಮ ಶಾಲು ಆ ಹಣ್ಣಿಗೆ ಹೊದಿಸಿದ್ರು, ಪಾಪ. ನಾವು ಹತ್ತಿದ್ವಿ, ಬಾಗಲಾ ಹಾಕಿದ ಸಪ್ಪಳ ಕೇಳ್ತು, ಹೊಂಟ್ವಿ.

ಕನ್ನಡಿಯೊಳಗ ನೋಡಿದ್ರ ಶಾಲು ಹೊತಗೊಂಡು ದೊಡ್ಡಕ್ಕೋರು ಮಲಗಿದ್ರು. ಪಿ.ಟಿ. ಅಕ್ಕೋರು ಅವರ ಹೆಗಲ ಮ್ಯಾಲೆ ತಲಿ ಇಟ್ಟು ಗೊರಕಿ ಹೊಡ್ಯಾಕತ್ತಿದ್ರು.

"ಸಾವಕಾಶ ಮಾತಾಡ್ರಿ, ಎಚ್ಚರಾದ್ರ ಮತ್ತ ಹಾಜರಿ ತಗೋತಾರ" ಅಂದ್ರು ಹಿಂದಿ ಅಕ್ಕೋರು. ಇಬ್ರೂ ಪಿಸುಪಿಸು ಮಾತಾಡಕೋತ ಐದಾರು ಕಿಲೋಮೀಟರ್ ಬಂದ್ವಿ. ಅಷ್ಟೊತ್ತಿಗೆ ಒಂದು ತಗ್ಗು ಬಂತು, ಕಾರು ಜಿಗೀತು, ಹಿಂದಿನಿಂದ ಪಿ.ಟಿ. ಅಕ್ಕೋರು ಚಿಟ್ಟನ ಚೀರಿದ್ರು.

"ದೊಡ್ಡಕ್ಕೋರ ಹೆಗಲಿಗೆ ಮುಳ್ಳು ಬಂದಾವು!"

ಶಾಲು ತಗದು ನೋಡಿದ್ರ ಹಲಸಿನಹಣ್ಣು. ದೊಡ್ಡಕ್ಕೋರು ಇಲ್ಲ. ಅವರ ಫೋನ್, ವ್ಯಾನಿಟಿ ಬ್ಯಾಗು ಎರಡೂ ಕಾರಿನ್ಯಾಗ. ಎಲ್ಲಾರ ಹಾಜರಿ ಅವರು ತಗೋತಾರ ಖರೇ, ಅವರ ಹಾಜರಿ ತಗೊಳ್ಳಾಕ ಯಾರಿದ್ರು?

ಕಾರು ತಿರುಗಿಸಬೇಕು. ಇನ್ನ ನಿಮ್ಮ ಮುಂದ ಯಾಕ ಮುಚ್ಚಿಡ್ಲಿ, ನನಗ ರಿವರ್ಸ್ ಬರೂದಿಲ್ಲ. ಬರತೈತಿ, ಆದ್ರ ಎಲ್ಲಿ ಹೋಗಬೇಕು ಅಂತೀನೋ ಅದು ಬಿಟ್ಟು ಎಲ್ಲಾ ಕಡೆ ಹೋಗತೈತಿ. ಪಿ.ಟಿ. ಅಕ್ಕೋರು ರಸ್ತೆದಾಗ ಇಳದು ಸೀಟಿ ಊದಿದ್ರು ನೋಡ್ರಿ, ಆ ಕಡೆ ಬಸ್ ನಿಂತು, ಈ ಕಡೆ ಟ್ರ್ಯಾಕ್ಟರ್ ನಿಂತು, ನಡುವ ಒಬ್ಬಾಂವ ಬೈಕಿನಿಂದ ಇಳದು ಹೆದರಿ ಹೆಲ್ಮೆಟ್ ಹಾಕ್ಕೊಂಡ. ಏಳು ಸಲ ಹಿಂದ-ಮುಂದ ಮಾಡಿ ಕಾರು ತಿರುಗಿಸಿದೆ. ಬಸ್ಸಿನವರು ಚಪ್ಪಾಳಿ ಹೊಡದ್ರು.

ಹೋಗಿ ನೋಡಿದ್ರ ದೊಡ್ಡಕ್ಕೋರು ಹೋಟೆಲ್ ಮುಂದ ಖುರ್ಚಿ ಹಾಕ್ಕೊಂಡು ಇನ್ನೊಂದು ಚಹಾ ಕುಡ್ಯಾಕತ್ತಿದ್ರು. ಮರತ ಬಂದ ಕಣ್ಣಿನ ಚಾಳೀಸು ತರಾಕ ಒಳಗ ಹೋಗಿದ್ರಂತ.

"ಹೋಟೆಲಿನವ ಫೋನ್ ಕೊಟ್ಟ" ಅಂದ್ರು. "ಆದ್ರ ನನಗ ಬಾಯಿಪಾಠ ಇದ್ದದ್ದು ಒಂದ ನಂಬರು. ಸಾಲಿ ರಜಿಸ್ಟರದಾಗ ವರ್ಷಾ ಬರದು ಬರದು ತಲ್ಯಾಗ ಕುಂತೈತಿ. ನಿನ್ನ ಗಂಡಂದು."

"ಮಾಡಿದ್ರೇನ್ರೀ?" ಅಂದೆ.

"ಹುಚ್ಚಿ! ಮಾಡಿ ನಿನ್ನ ಕೀಲಿಕೈ ನಾ ಕಳೀಲ್ಯಾ? ಫೋನ್ ವಾಪಸ್ ಕೊಟ್ಟು ಇನ್ನೊಂದು ಚಹಾ ಹೇಳಿದೆ. ಸಂಜೀತನಕ ಬರಲಿಲ್ಲಂದ್ರ ಊಟಾನೂ ಹೇಳ್ತಿದ್ದೆ."

ನನಗ ಅವರ ಕಾಲು ಹಿಡೀಬೇಕು ಅನಿಸ್ತು. ಬೈಸಿಕೊಳ್ಳಾಕ ತಯಾರಿದ್ವಿ, ಬೈಲಿಲ್ಲ. ಕಾರ್ ಹತ್ತಿ ಹಾಜರಿ ತಗೊಂಡ್ರು. ಕಡೀಕ "ದೊಡ್ಡಕ್ಕೋರು?" ಅಂತ ತಾವ ಕೂಗಿ, ಆ ಕಡೆ ಈ ಕಡೆ ನೋಡಿ, "ಹಾಜರ್" ಅಂತ ತಾವ ಅಂದ್ರು.

ಎತ್ತಬ್ಯಾಡ

ಹುಬ್ಬಳ್ಳಿಯೊಳಗ ಊಟಾ ಮಾಡಿ ನವಲಗುಂದ ರಸ್ತೆ ಹಿಡದ್ವಿ. ಮೋಡ ಕವದು, ಒಂದು ದೊಡ್ಡ ಮಳಿ ಬಂದು ಹೋತು. ಎರಡೂ ಕಡೆ ಎರಿ ಹೊಲಾ ಕರ್ರಗಾಗಿ ಮಣ್ಣಿನ ವಾಸನಿ ಕಾರಿನ ಒಳಗ ಬಂತು. ಇನ್ನೇನು ಗೆದ್ದೆ ಅಂತ ಜೀವಕ್ಕ ಹಿತಾ ಆತು. ಅಷ್ಟೊತ್ತಿಗೆ ಫೋನ್ ಬಡೀತು. ಹಿಂದಿ ಅಕ್ಕೋರು ನೋಡಿ, "ನಿಮ್ಮ ಮನಿಯವರು" ಅಂದ್ರು.

"ಎತ್ತಬ್ಯಾಡ" ಅಂದ್ರು ದೊಡ್ಡಕ್ಕೋರು. "ಇದು ಪರೀಕ್ಷಾ. ಎತ್ತಿದ್ರ, ಪಾಠ ಮರತಿ ಅಂತ ಕೀಲಿಕೈ ಕೇಳ್ತಾರ."

ಬಂದಾತು. ಮತ್ತ ಬಡೀತು. ಎತ್ತಲಿಲ್ಲ. ಮತ್ತ ಬಡೀತು. "ಏನ್ ಹಠಾ ರೀ ನಿಮ್ಮ ಮನಿಯವರದು" ಅಂದ್ರು ಪಿ.ಟಿ. ಅಕ್ಕೋರು. ಊರು ಮುಟ್ಟೂದ್ರಾಗ ಒಂಬತ್ತು ಸಲ ಬಡೀತು. ಒಂಬತ್ತು ಸಲಾನೂ ನಾವು ಗೆದ್ವಿ.

ಸಾಕ್ಷಿ ಹೇಳಾಕಂತ ಮೂವರೂ ನಮ್ಮ ಮನಿತನಕ ಬಂದಿದ್ರು. ಅಂಗಳದಾಗ ಕಾರು ನಿಲ್ಲಿಸಿ, ಕೀಲಿಕೈ ಕೈಯಾಗ ತಿರುಗಿಸಕೋತ ಒಳಗ ಹೋದೆ. ತೋರಸೂಣಂದ್ರ ನಮ್ಮ ಮನಿಯವರು ಇಲ್ಲ.

"ಅಯ್ಯ, ದಾರ್ಯಾಗ ಸಿಗಲಿಲ್ಲೇನವಾ?" ಅಂದ್ರು ನಮ್ಮ ಅತ್ತಿ. "ಹೆಂಗೂ ಅಕೀ ಫೋನ್ ಬರತೈತಿ, ಹತ್ರ ಇದ್ರ ಲಗೂ ಮುಟ್ಟತೀನಿ ಅಂತ ಮಧ್ಯಾಹ್ನನ ಬೈಕ್ ತಗೊಂಡು ಹೋದ. ಮುಂಜಾನಿಂದ ಒಂದು ಕಡೆ ಕುಂತಿಲ್ಲ ನೋಡವಾ ಅಂವ."

ಹಲಸಿನಹಣ್ಣು ಇಳಿಸಿ ಕಟ್ಟಿ ಮ್ಯಾಲೆ ಇಟ್ಟು, ಚಹಾ ಕೈಯಾಗ ಹಿಡದಿದ್ವಿ, ಹತ್ತನೇ ಸಲ ಬಡೀತು. ಈಗ ಕಾರು ನಿಂತೈತಿ, ಎತ್ತಬಹುದು.

"ಎಲ್ಲಿದ್ದೀ?" ದನಿ ಅಗದಿ ಸಣ್ಣದಿತ್ತು.

"ಮನಿಯೊಳಗ. ಚಹಾ ಕುಡ್ಯಾಕತ್ತೀನಿ. ನೀವು?"

"ಒಳದಾರಿ ಹಿಡದಿದ್ನಿ. ಮಳಿ ಬಂತು. ಎರಿ ಮಣ್ಣು ಮಡ್‌ಗಾರ್ಡಿನ್ಯಾಗ ತುಂಬಿ ಗಾಲಿ ತಿರಗವಲ್ದು. ಎಷ್ಟ ಫೋನ್ ಮಾಡ್ಲಿ ನಿನಗ? ಯಾಕ ಎತ್ತಲಿಲ್ಲ?"

"ಗಾಡಿ ಹೊಡ್ಯಾಕತ್ತಿದ್ನೆಲ್ರೀ. ಖುದ್ದ ನೀವ ಮಾಡಿದ್ರೂ ಎತ್ತಬಾರದು ಅಂತ ಯಾರು ಕಲಿಸಿದ್ರು?"

ಆ ಕಡೆ ಬೈಕಿನ ಗಾಲಿ ಒದ್ದ ಸಪ್ಪಳ ಕೇಳ್ತು.

"ಊರಾಗ ಯಾರಿಗರೆ ಹೇಳಬೇಕಿಲ್ಲ?" ಅಂದೆ.

"ಹೇಳಿದ್ರ ನಾಳೆ ಕಟ್ಟಿ ಮ್ಯಾಲೆ ಕುಂದರೂಹಂಗಿಲ್ಲ. ನೀನ ಬಾ."

ನೀನ ಬಾ! ಹದಿನೈದು ವರ್ಷದ ಸಂಸಾರದಾಗ ಗಾಡಿ ವಿಷಯಕ್ಕ ಆ ಮಾತು ಅವರ ಬಾಯಾಗ ಬಂದದ್ದು ಅದ ಮೊದಲು. ನನಗ ನಗೂನೂ ಬಂತು, ಕಣ್ಣಾಗ ನೀರೂ ಬಂತು. ಹಂಗ ಸುಮ್ಮ ಬಿಡಲಿಲ್ಲ ಮತ್ತ. "ರೀ, 'ಹಿಂಗಾಗೇತಿ, ಬಾ' ಅಂತ ಫೋನ್ ಮಾಡಿದವರು ಯಾರು?"

"ಹೂಂ. ನಾನ. ಕೀಲಿಕೈ ನಿಂದ. ಈಗರೆ ಬಾ."

ನಾ ಒಬ್ಬಾಕಿನ ಹೋಗ್ತೀನಂದ್ರ ಮೂವರೂ ಕೇಳಲಿಲ್ಲ. ಡಾಂಬರು ಮುಗಿಯೂ ಕಡೆ ಕಾರು ನಿಲ್ಲಿಸಿದೆ. ಎರಿಯೊಳಗ ಇಳಿಸಬಾರದು ಅನ್ನೂದು ಅವರ ಕಲಿಸಿದ್ದು. ಬೈಕ್ ಜಾಲಿ ಗಿಡದ ಕೆಳಗ ಬಿಟ್ಟು, ಒಂದೊಂದು ಕಾಲಿಗೆ ಎರಡೆರಡು ಕಿಲೋ ಮಣ್ಣು ಹೊತಗೊಂಡು, ಸಾವಕಾಶ ಹೆಜ್ಜಿ ಕಿತ್ತಿಟಗೋತ ನಮ್ಮ ಮನಿಯವರು ಬಂದ್ರು. ಡ್ರೈವರ್ ಬಾಗಲಕ್ಕ ಬಂದು, ನಾ ಕುಂತಿದ್ದು ನೋಡಿ, ಸುಮ್ಮನ ಹಿಂದ ಹೋದ್ರು. ಅಲ್ಲಿ ದೊಡ್ಡಕ್ಕೋರಿಗೂ ಪಿ.ಟಿ. ಅಕ್ಕೋರಿಗೂ ನಡುವಿನ ಜಾಗಾ ಅಷ್ಟ ಖಾಲಿ ಇತ್ತು. ಮೈ ಹಿಡಿ ಮಾಡಿ ಅಲ್ಲೆ ಕುಂತ್ರು.

ಟಿಂಗ್ ಟಿಂಗ್ ಅಂತು ಕಾರು. ಪಿ.ಟಿ. ಅಕ್ಕೋರು ಬೆಲ್ಟ್ ಎಳದು ಅವರಿಗೆ ಹಾಕಿದ್ರು. ಗಪ್ಪಾತು.

ದೊಡ್ಡಕ್ಕೋರು ಚಾಳೀಸು ಏರಿಸಿಕೊಂಡು ಹಾಜರಿ ಚಾಲೂ ಮಾಡಿದ್ರು. ಹಿಂದಿ, ಗಣಿತ, ಪಿ.ಟಿ. ಆತು. ಮುಂದ, ಮುಂಜಾನಿಂದ ಬಿದ್ದ ರೂಢಿ ನೋಡ್ರಿ, ಬಾಯಾಗ ತಾನ ಬಂತು:

"ಹಲಸಿನಹಣ್ಣು?"

ನಮ್ಮ ಮನಿಯವರು ಆ ಬಾಜು ನೋಡಿದ್ರು, ಈ ಬಾಜು ನೋಡಿದ್ರು, ತಮ್ಮ ಎದಿ ಮ್ಯಾಲಿನ ಬೆಲ್ಟ್ ನೋಡಿದ್ರು.

"ಹಾಜರ್ರಿ ಅಕ್ಕೋರ" ಅಂದ್ರು.