ಗೋಡೆಯ ಮೇಲಿನ ಅಬ್ಬಿ

ಭಜನಾ ಮಂದಿರದ ಹಿಂದಿನ ಗೋಡೆಗೆ ಸುಣ್ಣ ಹೊಡೆಸಲೇಬೇಕೆಂದು ಅಧ್ಯಕ್ಷ ಮಂಜಣ್ಣ ಪಟ್ಟು ಹಿಡಿದದ್ದೇ ಗೋವರ್ಧನನ ಗ್ರಹಚಾರಕ್ಕೆ ಕಾರಣವಾಯಿತು. ಆ ಗೋಡೆಯಲ್ಲಿ ಮೀನುಬುಟ್ಟಿ ಹೊತ್ತ ಹೆಂಗಸಿನ ಹಳೇ ಚಿತ್ರವಿತ್ತು. ಗೋವರ್ಧನ ತೊಟ್ಟಿಲಲ್ಲಿದ್ದಾಗಲೇ ತೀರಿಹೋದ ತಾಯಿಯ, ಊರ ಮಾತಿನಲ್ಲಿ ಅಬ್ಬಿಯ, ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅವಳು ಮೀನು ಮಾರುತ್ತಿದ್ದಳು ಎಂಬುದಷ್ಟೇ ಅವನಿಗೆ ಗೊತ್ತು. ಅಷ್ಟರಿಂದಲೇ ಚಿತ್ರ ಅವಳದೆಂದು ತೀರ್ಮಾನಿಸಿಬಿಟ್ಟಿದ್ದ. ತಲೆ ನರೆತರೂ ಅಬ್ಬಿಯ ಮೋರೆ ಕಾಣುವ ಆಸೆ ಅವನನ್ನು ಬಿಟ್ಟಿರಲಿಲ್ಲ.

ಬೆಳಿಗ್ಗೆ ಸುಣ್ಣದ ಬಕೆಟ್ ಕಂಡದ್ದೇ ಓಡಿಹೋಗಿ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತ. ಸುಣ್ಣದವನ ಕೈ ನಿಲ್ಲಲಿಲ್ಲ, ಅರ್ಧ ಅಂಗಿ ಬೆಳ್ಳಗಾಯಿತು.

“ಹ್ವಾಯ್, ನೀವೂ ಗ್ವಾಡಿಯಾ?” ಎಂದಳು ಹೆಂಡತಿ ಹರಿಣಾಕ್ಷಿ.

“ಅಬ್ಬಿ ಮೋರಿ ಅಳ್ಸುಕೆ ಬಿಡುದಿಲ್ಲೆ!”

“ಎಂತದ್ ಅಬ್ಬಿ ಮರಾಯಾ, ಆಚಿಗ್ ಹೋಗ್!” ಮಂಜಣ್ಣ ಎಗರಾಡಿದ.

ಗೋವರ್ಧನ ಕುಂದಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನವ್ಯಶ್ರೀ ಮೇಡಂಗೆ ಫೋನ್ ಮಾಡಿ ಕರೆಸಿದ. ಅವರು ಗೋಡೆಯನ್ನು ಉತ್ತರಪತ್ರಿಕೆಯ ಹಾಗೆ ಓದಿದರು.

“ಗಿಡ್ಡಕ್ಕೆ ಉಟ್ಟ ಸೀರೆ, ಗಾಜಿನ ಬಳೆ, ತಲೆ ಮೇಲಿನ ಸಿಂಬಿ... ಆಗಿನ ಹೆಂಗಸರು ಹೇಗೆ ದುಡೀತಿದ್ರು ಅಂತ ಯಾರೂ ಬರೆದಿಡ್ಲಿಲ್ಲ. ಇದೇ ಸಾಕ್ಷಿ, ಅಳಿಸ್ಬೇಡಿ.”

“ಸೀರಿ, ಬಳಿ ಸತ್ಯ ಆರೆ ಮೋರಿಯೂ ಸತ್ಯ ಅಲ್ದಾ ಮೇಡಂ?”

“ಯಾರನ್ನೋ ಎದುರು ನಿಲ್ಲಿಸಿಯೇ ಬರೆದದ್ದು.”

ಅಷ್ಟು ಸಾಕಾಯಿತು. ನೆರೆದವರೆಲ್ಲ ಗೋವರ್ಧನನ ಮೂಗನ್ನೂ ಗೋಡೆಯ ಮೂಗನ್ನೂ ತಾಳೆ ನೋಡಿದರು. “ಅಚ್ಚ್ ಹೊಯ್ದಾಂಗಿತ್ತ್!” ಎಂದಳು ಒಬ್ಬಳು. ಗೋವರ್ಧನ ಚಿತ್ರದ ಕೆನ್ನೆಗೆ ಕೆನ್ನೆಯಿಟ್ಟು ಗಳಗಳನೆ ಅತ್ತ. ಆಚೆ ನಿಂತಿದ್ದ ಮಂಜಣ್ಣ ಚಡಪಡಿಸಿ ತನ್ನ ಕೆನ್ನೆ ಒರೆಸಿಕೊಂಡ.

“ನಿಲ್ಸ್ ಮರಾಯಾ! ಅದ್ ನಾನ್!”

ಎಲ್ಲರೂ ತಿರುಗಿದರು.

“ಯಕ್ಷಗಾನ ಮೇಳದಲ್ಲ್ ಸ್ತ್ರೀವೇಷ ಮಾಡ್ತಿದ್ದೆ. ಹೆಂಗ್ಸ್ರ್ ಯಾರೂ ಚಿತ್ರಕ್ ನಿಲ್ಲುಕೆ ಒಪ್ಲಿಲ್ಲ ಅಂದೇಳಿ ಆಟಕ್ ಬಂದ ನನ್ನ ನಿಲ್ಸಿದ್ರ್. ಮೊಮ್ಮಕ್ಳಿಗ್ ಗೊತ್ತಾರೆ ನೆಗಾಡ್ತೊ ಅಂದೇಳಿ ಸುಣ್ಣ ತರ್ಸಿದ್ದ್.”

“ಇದಂತೂ ಇನ್ನೂ ದೊಡ್ಡ ಸಾಕ್ಷಿ!” ಮೇಡಂ ಖುಷಿಯಿಂದ ಫೋಟೋ ಹೊಡೆದರು. ಗೋಡೆ ಉಳಿಯಿತು. ಗೋವರ್ಧನ ಮಾತ್ರ ಅಲ್ಲೇ ಕುಸಿದು ಕುಳಿತ.

ಮಂಜಣ್ಣನಿಗೆ ಪಾಪ ಅನ್ನಿಸಿತು. “ಸೀರಿ ನಿನ್ ಅಬ್ಬಿದೇ ಮರಾಯಾ. ಹಿಂದ್ ನಿಂತ್ಕಂಡ್ ಸೆರಗ್ ಸಿಕ್ಸಿ ಕೊಟ್ಟದ್ದೂ ಅಬ್ಬಿಯೇ. ನಾ ಇಲ್ಲಿನ ಹೆಣ್ಣ್ ಮದಿ ಆಯಿ ಈ ಊರಿಗ್ ಬಪ್ಪುದ್ರೊಳ್ಗೆ ತೀರ್ಕಂಡಿತ್ತ್.”

ಗೋವರ್ಧನ ಅವನ ಎರಡೂ ಕೈ ಹಿಡಿದುಕೊಂಡ. “ಹಂಗಾರೆ ನೀವ್ ಕಂಡಿದ್ರಿ! ಮೋರಿ ಹ್ಯಾಂಗಿತ್ತ್ ಮಂಜಣ್ಣ?”

ಮಂಜಣ್ಣ ತಲೆ ತಗ್ಗಿಸಿದ.

“ಚಿತ್ರದವ ಕುತ್ತಿಗಿ ತಿರ್ಗ್ಸುಕೇ ಬಿಡ್ಲಿಲ್ಲ ಮರಾಯಾ. ಹಿಂದಿಂದ ನಿನ್ ಅಬ್ಬಿ ನೆಗಾಡಿದ್ ಮಾತ್ರ ಕೇಂಡದ್ದ್.”